ಅಕ್ಕನ ಮುಖಚಿತ್ರ

ಚಿತ್ರ ಬರೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಹುಟ್ಟಿದ, ಹೊನ್ನಿನ ಲೇಪವುಳ್ಳ ಚಿತ್ರಗಳು ಇಂದಿಗೂ ಹೆಸರಾಗಿವೆ. ಕೊಂಕಲ್ಲಿನ ನಮ್ಮ ಪಡಸಾಲೆಯಲ್ಲಿ ನಡೆದಿರುವ ಅಭ್ಯಾಸವನ್ನು ಆ ಸಾಲಿನಲ್ಲಿ ನಿಲ್ಲಿಸುವ ಉದ್ಧಟತನ ನಮಗಿಲ್ಲ. ನಮ್ಮ ಬಳಿ ಇರುವುದು ಒಂದು ಪೆಟ್ಟಿಗೆ ಆಯಿಲ್ ಪ್ಯಾಸ್ಟೆಲ್ ಕಡ್ಡಿಗಳು ಮಾತ್ರ. ಬಣ್ಣದ ಪುಡಿಯನ್ನು ಮೇಣದೊಡನೆಯೂ ಒಣಗದ ಎಣ್ಣೆಯೊಡನೆಯೂ ಕಲಸಿ ಮಾಡುವ ಇಂತಹ ಕಡ್ಡಿಗಳನ್ನು ಜಪಾನಿನ ಸಾಕುರಾ ಸಂಸ್ಥೆಯವರು 1925ರಲ್ಲಿ ಹೊರತಂದರು. ನಮ್ಮ ಕಡೆಯ ಬೇಸಗೆಗೆ ಇವು ಕೈಯಲ್ಲಿಯೇ ಮೆತ್ತಗಾಗುವುದರಿಂದ ಬೆಳಗಿನ ತಂಪಿನಲ್ಲಿ ಕೆಲಸ ಸಾಗಬೇಕು. ಮೊದಲು ಹಗುರವಾಗಿ ತಿಳಿಬಣ್ಣ, ಮೇಲೆ ಗಾಢಬಣ್ಣ. ನೆರಳಿಗೆ ಬರಿಯ ಕಪ್ಪಿನ ಬದಲು ಕಂದು, ನೀಲಿ. ಅಂಚುಗಳನ್ನು ಬೆರಳಿನಿಂದ ತೀಡುವುದು. ಇಷ್ಟನ್ನು ಕಲಿಯುವುದರಲ್ಲಿಯೇ ನಮಗೆ ಒಂದು ವರ್ಷ ಕಳೆಯಿತು.

ಕಳೆದ ಯುಗಾದಿಗೆ ತವರಿಗೆ ಬಂದ ಅಕ್ಕನನ್ನು ಎದುರಿಗೆ ಕುಳ್ಳಿರಿಸಿಕೊಂಡು ಅವಳ ಮುಖವನ್ನು ಬರೆಯತೊಡಗಿದೆವು. ಹೊತ್ತು ಹೋಗಲೆಂದು ಅವಳ ಮಗಳು ಗಿರೀಶ ಕಾರ್ನಾಡರ ‘ಹಯವದನ’ವನ್ನು ಓದಿ ಹೇಳುತ್ತಿದ್ದಳು. 1971ರ ಈ ನಾಟಕದ ಬೇರು ಬೇತಾಳನ ಕಥೆಯಲ್ಲಿದೆ. ಜರ್ಮನಿಯ ಥಾಮಸ್ ಮಾನ್‌ರೂ ಅದೇ ಕಥೆಯನ್ನು ಹಿಡಿದು 1940ರಲ್ಲಿ ಒಂದು ಕಿರುಕಾದಂಬರಿಯನ್ನು ಪ್ರಕಟಿಸಿದ್ದರು. ಕಾಳಿಯ ಗುಡಿಯಲ್ಲಿ ಗಂಡನೂ ಅವನ ಗೆಳೆಯನೂ ತಲೆ ಕಡಿದುಕೊಂಡು ಬಿದ್ದಿರಲು, ದೇವಿಯ ವರದಿಂದ ಅವರನ್ನು ಬದುಕಿಸಹೋದ ಪದ್ಮಿನಿಯು ಒಬ್ಬನ ತಲೆಯನ್ನು ಮತ್ತೊಬ್ಬನ ಮುಂಡಕ್ಕೆ ಜೋಡಿಸಿಬಿಡುತ್ತಾಳೆ. ಇಬ್ಬರಲ್ಲಿ ಗಂಡನಾರೆಂಬುದು ಬೇತಾಳನ ಪ್ರಶ್ನೆ. ಗಂಡನ ತಲೆಯುಳ್ಳವನೇ ಎಂಬುದು ಅರಸನ ಉತ್ತರ. ನಾಟಕದಲ್ಲಿಯಾದರೋ ಪ್ರಶ್ನೆಯು ಪದ್ಮಿನಿಯ ಮನಸ್ಸಿನೊಳಕ್ಕೆ ಇಳಿಯುತ್ತದೆ.

“ಅವಳು ಬೇಕೆಂದೇ ಬದಲಿಸಿದಳು. ಇಬ್ಬರ ಗುಣವೂ ತನಗೇ ಬೇಕೆಂಬ ಆಸೆ” ಎಂದು ನಾವು ತೀರ್ಪು ಕೊಟ್ಟೆವು.

ಅಕ್ಕ ಒಪ್ಪಲಿಲ್ಲ. “ಕತ್ತಲದಾಗ ಎರಡು ತಲಿ ಹಿಡಕೊಂಡು ನಿಂತಾಕಿಯ ಕೈ ನಡುಗಿರಬಾರದೇನು, ತಮ್ಮಾ? ಆಸಿನೂ ಇರಬಹುದು, ಅಂಜಿಕಿನೂ ಇರಬಹುದು. ನೀ ಒಂದೇ ನೋಡ್ತಿ.”

ಚಿತ್ರ ಮುಗಿದ ಮೇಲೆ ಸೊಸೆ ಅದನ್ನು ದಿಟ್ಟಿಸಿ, “ಮಾವಾ, ಕಣ್ಣು ಮೂಗು ಅವ್ವನವೇ. ಬಾಯಿ ನೋಡಿದ್ರ ಸಿಟ್ಟಿಗೆ ಬಂದಂಗ ಕಾಣ್ತದ” ಎಂದಳು.

ಆ ಮಾತು ನಮ್ಮನ್ನು ತಟ್ಟಿತು. ತಂದೆಯವರು ತೀರಿಹೋದ ಮೇಲೆ ಅಕ್ಕ ತನ್ನ ಪಾಲಿನ ಹೊಲವನ್ನು ನಮಗೆ ಬಿಟ್ಟುಕೊಟ್ಟು ಸಹಿ ಮಾಡಿದ್ದಳು. ಅಂದಿನಿಂದ ಅವಳ ಮೌನವೆಲ್ಲವೂ ನಮಗೆ ಮುನಿಸಾಗಿಯೇ ಕಂಡಿತ್ತು; ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಬಿಗಿದ ತುಟಿಗಳನ್ನು ಕಂಡೊಡನೆ ನಮ್ಮ ಕೈ ಆ ಮುನಿಸನ್ನೇ ಬರೆದಿತ್ತು.

“ಹೊಲದ ಸಿಟ್ಟು ಇನ್ನೂ ಅದ ಏನಕ್ಕಾ?” ಎಂದು ಕೇಳಿಯೇಬಿಟ್ಟೆವು.

“ಬ್ಯಾಸರ ಇಲ್ಲ ಅಂತ ಹೇಳಂಗಿಲ್ಲ. ಆದ್ರ ಇವತ್ತು ಬಾಯಿ ಬಿಗಿದಿದ್ದು ಅದಕ್ಕಲ್ಲ, ನಾಚಿಕಿ ಬಂದಿತ್ತು. ಇಷ್ಟು ಹೊತ್ತು ನೀ ನನ್ನ ಮಾರಿ ನೋಡಿದ್ದು ಇವತ್ತೇ.”

ಈ ಬಣ್ಣವು ಪೂರ್ತಿಯಾಗಿ ಒಣಗುವುದಿಲ್ಲವಾದುದರಿಂದ ತಿದ್ದಲು ಅವಕಾಶವುಂಟು. ತುಟಿಗಳ ಮೇಲಿನ ಬಣ್ಣವನ್ನು ಸೂಜಿಯಿಂದ ಮೆಲ್ಲನೆ ಕೆರೆದು ತೆಗೆದು ಮರಳಿ ಬರೆದೆವು, ಇನ್ನೂ ಸರಿಹೋಗಿಲ್ಲ. ಹೊಲದ ಮಾತನ್ನೂ ಅಂದು ಸಂಜೆಯೇ ತೆಗೆದೆವು. ಅದೂ ಇನ್ನೂ ಮುಗಿದಿಲ್ಲ. ವಾಚಕರಲ್ಲಿ ಯಾರಾದರೂ ಮನೆಯವರ ಮುಖವನ್ನು ಬರೆಯಲು ಕುಳಿತುದಾದರೆ, ಬಾಯಿಯನ್ನು ಬರೆಯುವ ಮೊದಲು ಅವರನ್ನು ಒಂದೆರಡು ಮಾತು ಕೇಳುವುದು ಲೇಸು.