ಮುಕ್ಕಾಲಿ ಹೊತ್ತು ಕಳಸಕ್ಕೆ

ಮುಳ್ಳಯ್ಯನಗಿರಿಯ ಗಾಳಿ ಎಂಥದ್ದು ಅಂತ ಅಲ್ಲಿ ನಿಂತವರಿಗೇ ಗೊತ್ತು. ಕರ್ನಾಟಕದಲ್ಲೇ ಎತ್ತರದ ಬೆಟ್ಟ, ಸುಮಾರು 1,930 ಮೀಟರು. ಹೋದ ವರ್ಷ ಅದರ ತುದಿಯಲ್ಲಿ ನನ್ನ ಟ್ರೈಪಾಡನ್ನು ನಿಲ್ಲಿಸಿ, ಕ್ಯಾಮೆರಾ ಸಿಕ್ಕಿಸಿ, ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಒಂದು ಬೀಸು ಗಾಳಿ ಬಂತು ನೋಡಿ, ಟ್ರೈಪಾಡ್ ಕ್ಯಾಮೆರಾ ಸಮೇತ ವಾಲಿತು. ಏಳನೇ ಕ್ಲಾಸಿನ ಮೊಮ್ಮಗಳು ಹಾರಿ ಪಟ್ಟಿ ಹಿಡಿಯದಿದ್ದರೆ ಕ್ಯಾಮೆರಾ ಕಣಿವೆಯ ಪಾಲಾಗುತ್ತಿತ್ತು.

"ಅಜ್ಜ, ಇದು ಮುಕ್ಕಾಲಿ ಅಲ್ಲ, ಕೊಕ್ಕರೆ ಕಾಲು" ಅಂದಳು.

ಅವಳ ಮಾತು ಸುಳ್ಳಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. ಬ್ಯಾಂಕಿನಲ್ಲಿ ಊರಿನವರಿಗೆಲ್ಲ "ಜಾಮೀನು ಗಟ್ಟಿ ಇರಲಿ" ಅಂತ ಹೇಳುತ್ತ ಕೂತವನು ನಾನು. ಕ್ಯಾಮೆರಾಕ್ಕೆ ಜಾಮೀನು ನಿಲ್ಲುವವನನ್ನು ಮಾತ್ರ ವಿಚಾರಿಸದೆ ತಂದಿದ್ದೆ.

ಟ್ರೈಪಾಡ್ ನನಗೆ ಶೋಕಿಯ ವಸ್ತುವಲ್ಲ. ಎಪ್ಪತ್ತು ದಾಟಿದ ಮೇಲೆ ಕೈ ಸಣ್ಣಗೆ ನಡುಗುತ್ತದೆ. ಕಾಫಿ ಲೋಟಕ್ಕೆ ಅದು ಗೊತ್ತಾಗುವುದಿಲ್ಲ, ಫೋಟೋಕ್ಕೆ ಗೊತ್ತಾಗುತ್ತದೆ. ಜೊತೆಗೆ ಕಳಸದ ಅಕ್ಕನ ದೂರು ಬೇರೆ ಇತ್ತು. ನಮ್ಮ ಮನೆಯ ಮದುವೆ, ಮುಂಜಿ, ಹಬ್ಬದ ಫೋಟೋ ಎಲ್ಲ ತೆಗೆದವನು ನಾನೇ, ಹಾಗಾಗಿ ಒಂದರಲ್ಲೂ ನಾನಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಆಲ್ಬಮ್ ತಿರುವಿ ಹಾಕಿ ಫೋನು ಮಾಡಿದ್ದಳು. "ನಿನ್ನ ಭಾವನೂ ನೀನೂ ಒಟ್ಟಿಗಿರೋ ಫೋಟೋ ಒಂದೂ ಇಲ್ಲ ಮಾರಾಯ. ನಾನಾದ್ರೂ ಇರುವಾಗ ಬಂದು ಪಕ್ಕದಲ್ಲಿ ಕೂತ್ಕೋ."

ಹಾಗಾಗಿ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಲ್ಲಿ ಕಾರ್ಬನ್ ಫೈಬರಿನ ಟ್ರೈಪಾಡ್ ಕೈಗೆ ಕೊಟ್ಟರು. ತಲೆಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಕೂರಿಸಿ ಕೊಳವೆ ಮಾಡುತ್ತಾರಂತೆ. ವಿಮಾನದ ಭಾಗಗಳಿಗೂ ಇದೇ ಸಾಮಗ್ರಿ. ಮಕ್ಕಳೇ, ನಮ್ಮ ಬಿದಿರನ್ನು ನೆನೆಸಿಕೊಳ್ಳಿ. ಒಳಗೆ ಪೊಳ್ಳು, ಮೈತುಂಬ ಉದ್ದುದ್ದ ನಾರು; ಹಗುರವೂ ಹೌದು, ಗಟ್ಟಿಯೂ ಹೌದು. ಮಲೆನಾಡಿನಲ್ಲಿ ಮೆಣಸು ಕೊಯ್ಯುವವರು ಬಿದಿರಿನ ಏಣಿಯನ್ನೇ ಹೆಗಲಿಗೇರಿಸುವುದು ಸುಮ್ಮನೆ ಅಲ್ಲ. ಅಲ್ಯೂಮಿನಿಯಂ ಚಳಿಗೆ ಕೈ ಕೊರೆಯುತ್ತದೆ, ಇದು ಅಷ್ಟು ಕೊರೆಯುವುದಿಲ್ಲ. ಏಟು ಬಿದ್ದರೆ ಮಾತ್ರ ಅಲ್ಯೂಮಿನಿಯಂ ತಗ್ಗು ಬಿದ್ದು ಸುಮ್ಮನಾಗುತ್ತದೆ, ಇದು ಬಿರುಕು ಬಿಟ್ಟೀತು. ಕಲ್ಲಿನ ಮೇಲೆ ಎಸೆಯುವ ಹಾಗಿಲ್ಲ.

ಮೊಮ್ಮಗಳು ಪ್ರತಿಯೊಂದರ ಕಾಲನ್ನೂ ಪೂರ್ತಿ ಎಳೆದು, ತಲೆಯ ಮೇಲೆ ಅಂಗೈ ಊರಿ, ಮೆಲ್ಲಗೆ ತಿರುಚಿ ನೋಡಿದಳು. ಅಂಗಡಿಯವರ ಮುಖ ಸ್ವಲ್ಪ ಸಪ್ಪೆಯಾಯಿತು, ಆಗಲಿ. ಕಾಲಿನಲ್ಲಿ ಮಡಿಕೆ ಹೆಚ್ಚಾದಷ್ಟೂ ಚೀಲದಲ್ಲಿ ಚಿಕ್ಕದಾಗಿ ಕೂರುತ್ತದೆ, ಆದರೆ ಕೊನೆಯ ತುಂಡು ಕಡ್ಡಿಯ ಹಾಗೆ ಸಣ್ಣಗಾಗಿ ಅಲ್ಲಾಡುತ್ತದೆ. ನಾವು ಮೂರು ತುಂಡಿನ ಕಾಲಿನದನ್ನೇ ಆರಿಸಿದೆವು. ನಡುವಿನ ಕಂಬ ಎತ್ತದೆಯೇ ನನ್ನ ಕಣ್ಣಿನ ಮಟ್ಟಕ್ಕೆ ಬರಬೇಕು ಎಂಬುದು ನನ್ನ ಷರತ್ತು. ಆ ಕಂಬ ಎತ್ತಿದಿರೋ, ಮೂರು ಕಾಲಿನ ಮೇಲೆ ಒಂದು ಕಾಲು ನಿಲ್ಲಿಸಿದ ಹಾಗೆ. ತೂಕ 1.6 ಕಿಲೋ. ಬೆಲೆ ಹಳೆಯದರ ಎಂಟು ಪಟ್ಟು. ಮನೆಯಲ್ಲಿ ಅದನ್ನು ಹೇಳಲು ಎರಡು ದಿನ ತೆಗೆದುಕೊಂಡೆ.

ಮಾರ್ಚಿಯಲ್ಲಿ ಹೊರಟೆವು. ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಮೂಡಿಗೆರೆ ದಾಟುವಾಗ ರಸ್ತೆಯ ಎರಡೂ ಬದಿ ಕಾಫಿ ಗಿಡಗಳು ಬಿಳಿ ಬಟ್ಟೆ ಹೊದ್ದ ಹಾಗಿದ್ದವು. ಬಸ್ಸಿನ ಕಿಟಕಿಯೊಳಗೆಲ್ಲ ಮಲ್ಲಿಗೆಯಂಥ ಪರಿಮಳ. ಈ ಹೂವು ಇರುವುದು ಎರಡು ಮೂರು ದಿನ ಅಷ್ಟೇ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು, ತೇಜಸ್ವಿಯವರ ಹೆಸರಿನ ಪ್ರತಿಷ್ಠಾನಕ್ಕೆ ಹೋದೆವು. ಪೂರ್ಣಚಂದ್ರ ತೇಜಸ್ವಿ ಇದೇ ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಬರೆದವರು, ಹಕ್ಕಿಗಳ ಬೆನ್ನು ಹತ್ತಿ ಫೋಟೋ ತೆಗೆದವರು. 2007ರಲ್ಲಿ ತೀರಿಕೊಂಡರು. "ಹಕ್ಕಿ ಬರೋತನಕ ಅಲ್ಲಾಡದೆ ಕೂರ್ಬೇಕಾ ಅಜ್ಜ?" ಅಂತ ಮೊಮ್ಮಗಳು ಕೇಳಿದಳು. ಅವಳು ಊಟಕ್ಕೇ ಐದು ನಿಮಿಷ ಕೂರುವವಳಲ್ಲ. ಆದರೂ ಪಕ್ಕದ ತೋಟದಂಚಿನಲ್ಲಿ ಟ್ರೈಪಾಡ್ ಊರಿ, ಹೂವಿಗೆ ಮುತ್ತಿದ ಜೇನನ್ನು ಅರ್ಧ ಗಂಟೆ ಕಾದಳು. ಕೆಸರಿನಲ್ಲಿ ಊರುವಾಗ ಕೆಳಗಿನ ತುಂಡನ್ನೇ ಮೊದಲು ಎಳೆಯಬೇಕು, ಕೀಲಿಗೆ ಮಣ್ಣು ಹೋಗುವುದಿಲ್ಲ ಎಂದು ನನಗೇ ಪಾಠ ಹೇಳಿದಳು. ಮೂರು ಕಾಲಿನದು ಎಂಥ ಏರುತಗ್ಗಿನಲ್ಲೂ ಕುಂಟುವುದಿಲ್ಲ. ನಾಲ್ಕು ಕಾಲಿನ ಕುರ್ಚಿಯನ್ನು ಅಲ್ಲಿಟ್ಟು ನೋಡಿ. ಗುಡುಗು ಸಿಡಿಲಿನ ಸಂಜೆ ಮಾತ್ರ ಬೆಟ್ಟದ ಮೇಲೆ ಇದನ್ನು ಹಿಡಿದು ನಿಲ್ಲಬೇಡಿ. ಇಂಗಾಲದ ಎಳೆಯಲ್ಲೂ ವಿದ್ಯುತ್ ಹರಿಯುತ್ತದೆ.

ಕಳಸ ತಲುಪುವಾಗ ಸಂಜೆ. ಅಕ್ಕನಿಗೆ ಮಂಡಿನೋವು, ಅಂಗಳಕ್ಕೆ ಇಳಿಯಲಾರಳು. ಕಣ್ಣಿನ ಆಪರೇಷನ್ ಆದ ಮೇಲೆ ಫ್ಲ್ಯಾಶ್ ಬೆಳಕೂ ಆಗುವುದಿಲ್ಲ. ಜಗುಲಿಯಲ್ಲಿ ಕಿಟಕಿಯ ಬೆಳಕು ಅಷ್ಟೇ. ಅಷ್ಟು ಮಬ್ಬಿನಲ್ಲಿ ಕ್ಯಾಮೆರಾ ಅರ್ಧ ಸೆಕೆಂಡ್ ಕಣ್ಣು ತೆರೆದಿರಬೇಕು. ಕೈಯಲ್ಲಿ ಹಿಡಿದರೆ ನನಗೆ ಸಿಗುವುದು ಅಕ್ಕನ ಮಸಕು ನೆರಳು.

ಒಂದು ಕಾಲು ಜಗುಲಿಯ ಮೆಟ್ಟಿಲ ಮೇಲೆ, ಎರಡು ಅಂಗಳದಲ್ಲಿ ಇಟ್ಟು ಮಟ್ಟ ಮಾಡಿದೆವು. ಕೆಳಗಿನ ಕೊಕ್ಕೆಗೆ ನನ್ನ ಕೈಚೀಲ ತೂಗುಹಾಕಿದೆ. ಗಾಳಿಗೆ ತೂಗಾಡಿದರೆ ಲಾಭಕ್ಕಿಂತ ನಷ್ಟ, ಅದಕ್ಕೇ ಚೀಲದ ತಳ ನೆಲಕ್ಕೆ ತಾಗುವ ಹಾಗೆ. ಹತ್ತು ಸೆಕೆಂಡಿನ ಟೈಮರ್ ಒತ್ತಿ, ಬೇಗ ಬೇಗ ಮೆಟ್ಟಿಲು ಹತ್ತಿ ಅಕ್ಕನ ಪಕ್ಕ ಕೂತೆ.

"ಎಷ್ಟು ಹೊತ್ತು ಉಸಿರು ಹಿಡೀಬೇಕೋ?" ಅಕ್ಕ ಕೇಳಿದಳು.

"ಅರ್ಧ ಸೆಕೆಂಡು ಅಕ್ಕ."

"ಅಷ್ಟೇನಾ? ನಾನೆಲ್ಲೋ ಹತ್ತು ನಿಮಿಷ ಅಂದ್ಕೊಂಡೆ!" ಅಂದು ನಕ್ಕುಬಿಟ್ಟಳು. ಮೊದಲ ಫೋಟೋದಲ್ಲಿ ನಗುತ್ತಿದ್ದ ಅವಳ ಮುಖ ಅಲ್ಲಾಡಿದೆ, ಹಿಂದಿನ ಗೋಡೆಯ ಗಡಿಯಾರದ ಮುಳ್ಳು ಮಾತ್ರ ಸ್ಪಷ್ಟ. ಐದನೆಯದರಲ್ಲಿ ಎಲ್ಲ ಸರಿ ಬಂತು. ಅಕ್ಕ, ಮೊಮ್ಮಗಳು, ನಾನು; ಪಕ್ಕದ ಖಾಲಿ ಆರಾಮಕುರ್ಚಿ ಭಾವನದು, ಅದನ್ನು ತೆಗೆಯಲು ಅಕ್ಕ ಬಿಡಲಿಲ್ಲ. ಮನೆಯ ನಾಯಿ ಬಾಲ ಅಲ್ಲಾಡಿಸಿದ್ದರಿಂದ ಅದಕ್ಕೆ ಮೂರು ಬಾಲ ಬಂದಿದೆ.

ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದ್ದೇನೆ. ತಲುಪಿದೆ ಅಂತ ಮೊನ್ನೆ ಫೋನು ಬಂತು. "ನಿಂಗೆ ಇಷ್ಟೊಂದು ತಲೆ ಬೆಳ್ಳಗಾಗಿದ್ದು ಯಾವಾಗಲೋ?" ಅಂತ ಕೇಳಿದಳು.