ಸಾಮಾನಗಡದ ನೀರು

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ದಾಟಿ ಚಿಂಚೇವಾಡಿಯ ಏರು ಹಿಡಿದರೆ ಕಾಲಡಿಯ ಬಣ್ಣವೇ ಬೇರೆ. ಕೆಳಗೆ ಕಬ್ಬಿನ ಹೊಲದ ಕಪ್ಪು ಎರೆ, ಮೇಲೇರಿದಂತೆ ಕೆಂಪು, ಬರೀ ಕೆಂಪು. ಮಾಘದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗುಡ್ಡಕ್ಕೆ ಒಬ್ಬನೇ ಹೋಗುವುದು ನನಗೆ ಇಷ್ಟ. ಪಕ್ಕದಲ್ಲಿ ಮಾತಿಲ್ಲದಿದ್ದರೆ ಒಣಹುಲ್ಲಿನ ಸದ್ದೂ ಕಿವಿಗೆ ಬೀಳುತ್ತದೆ.

ಹಿಂದೊಮ್ಮೆ ಗೋಮುಖಕ್ಕೂ ಹೀಗೇ ನಡೆದಿದ್ದೆ. ಸುಮಾರು 4000 ಮೀಟರ್ ಎತ್ತರದಲ್ಲಿ, 30 ಕಿಲೋಮೀಟರಿನಷ್ಟು ಉದ್ದದ ಗಂಗೋತ್ರಿ ಹಿಮನದಿಯ ತುದಿ. ಅದರ ಬುಡದಿಂದ ಭೋರ್ಗರೆದು ಹೊರಡುವ ಭಾಗೀರಥಿ. ಚಳಿಗಾಲದ ಹಿಮವನ್ನು ಕೂಡಿಟ್ಟು ಬೇಸಗೆಯಲ್ಲಿ ಹೊಳೆಗೆ ಬಿಟ್ಟುಕೊಡುವ ಆ ಮಂಜಿನ ರಾಶಿಯ ಮುಂದೆ ನಿಂತಾಗ, ನಮ್ಮ ಸೀಮೆಯಲ್ಲಿ ಈ ಕೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಹುಟ್ಟಿತ್ತು. ಅದನ್ನು ಹೊತ್ತುಕೊಂಡೇ ಸಾಮಾನಗಡದ ಕೋಟೆ ಹತ್ತಿದೆ.

ಗಡದ ಎತ್ತರ ಸುಮಾರು 900 ಮೀಟರ್. ಶಿಲಾಹಾರರ ಎರಡನೆಯ ಭೋಜ ಕಟ್ಟಿಸಿದ್ದೆನ್ನುತ್ತಾರೆ. ಶಿವಾಜಿ ಮಹಾರಾಜರ ಕಾಲದಲ್ಲಿ ಬಲಗೊಂಡಿತು. ಗೋಡೆ, ಬುರುಜು ಚೆನ್ನಾಗಿಯೇ ಇವೆ. ಆದರೆ ನೋಡಬೇಕಾದ್ದು ನೆಲದೊಳಗಿದೆ.

ಸಾತ್ ಕಮಾನ್ ಬಾವಿ. ಇಳಿಯಲು ಅಗಲವಾದ ಮೆಟ್ಟಿಲು, ತಲೆಯ ಮೇಲೆ ಕಮಾನು, ಎಲ್ಲವೂ ಜಂಬಿಟ್ಟಿಗೆಯಲ್ಲಿ ಕೊರೆದದ್ದು. ಇಳಿದಂತೆಲ್ಲ ಸೆಕೆ ಹಿಂದೆ ಬಿತ್ತು. ಗೋಡೆಗೆ ಅಂಗೈ ಒತ್ತಿದೆ. ಕಲ್ಲಿನ ತುಂಬ ಬೆರಳತುದಿ ಹೋಗುವಷ್ಟು ತೂತುಗಳು; ಕೆಲವದರಲ್ಲಿ ಹಳದಿ ಮಣ್ಣು, ಕೆಲವದರಲ್ಲಿ ಪಾಚಿ. ಒಂದು ತೂತಿನ ಅಂಚಿನಲ್ಲಿ ಹನಿಯೊಂದು ದಪ್ಪಗಾಗುತ್ತ ಬಂದು, ಅಲುಗಿ, ಜಾರಿತು. ಅದರ ಜಾಗದಲ್ಲಿ ಮೆಲ್ಲಗೆ ಇನ್ನೊಂದು ಮೂಡಿತು. ಆಷಾಢ-ಶ್ರಾವಣದಲ್ಲಿ ಬಿದ್ದ ಮಳೆ ಮಾಘದಲ್ಲಿ ನನ್ನ ಅಂಗೈಗೆ ಬರುತ್ತಿದೆ! ಮೈ ಜುಮ್ಮೆಂದಿತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಪದರಪದರವಾಗಿ ಹರಿದು ಕರಿಕಲ್ಲಾಯಿತು. ಆಮೇಲೆ ಲಕ್ಷಾಂತರ ವರ್ಷಗಳ ಮಳೆ ಆ ಕಲ್ಲಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಉಳಿಸಿತು. ಅದೇ ಜಂಬಿಟ್ಟಿಗೆ. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದಂತೆ ಗಟ್ಟಿ. ಕಲ್ಲುಕುಟಿಗರಿಗೆ ಇದು ಒಲಿದದ್ದು ಹಾಗಾಗಿಯೇ. ಮಳೆ ಅದರ ತೂತುಗಳಲ್ಲಿ ಇಳಿಯುತ್ತದೆ, ತಳದ ಜೇಡಿಪದರ ತಡೆದಲ್ಲಿ ನಿಲ್ಲುತ್ತದೆ, ಗುಡ್ಡದ ಅಂಚು ಸಿಕ್ಕಲ್ಲಿ ಒರತೆಯಾಗುತ್ತದೆ. ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಹಾಗೆ ಗುಡ್ಡದ ಹೊಟ್ಟೆಯಲ್ಲಿ ನೀರು ಕೂತಿರುತ್ತದೆ. ನನ್ನ ಪ್ರಶ್ನೆಗೆ ಉತ್ತರ ಈ ಕಲ್ಲೇ.

ಮೇಲೆ ಬಂದರೆ ನೆರಳಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜ ಕನ್ನಡದಲ್ಲೇ ಮಾತಿಗೆಳೆದರು.

"ಮಳಿಗಾಲದಾಗ ಬರಬೇಕಿತ್ತಲ್ಲೋ ತಮ್ಮಾ, ಎಲ್ಲಾ ಹಸರ ಇರ್ತಿತ್ತು."

"ಬ್ಯಾಸಗಿ ನೀರ ನೋಡಬೇಕಂತ ಈಗ ಬಂದೇನ್ರಿ ಅಜ್ಜಾ."

"ಹಂಗಾರ ಕೂಡು. ಆ ಅಂಚಿಗೆ ಮಾತ್ರ ಹೋಗಬ್ಯಾಡ, ಕಲ್ಲ ಸಡ್ಲ ಅದಾವ."

ಕೂತೆ. 1844ರಲ್ಲಿ, ತಲೆಮಾರುಗಳಿಂದ ಬಂದ ಹಕ್ಕಿಗೆ ಸರ್ಕಾರ ಕೈಹಾಕಿದಾಗ, ಇದೇ ಗಡದ ಕಾವಲಿಗಿದ್ದ ಗಡಕರಿಗಳು ಬಾಗಿಲು ಮುಚ್ಚಿ ಬಂಡೆದ್ದರು. ಬ್ರಿಟಿಷ್ ಸೈನ್ಯ ಅದೇ ವರ್ಷ ಗಡ ಹಿಡಿಯಿತು. ಅಲ್ಲಿಯವರೆಗೆ ಅವರ ಗಂಟಲು ತಣಿಸಿದ್ದು ಈ ಬಾವಿಗಳೇ ಇರಬೇಕು.

ಪಶ್ಚಿಮದ ಮಸುಕಿನಾಚೆ ಆಂಬೋಲಿ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆ ಘಟ್ಟದ ನೆತ್ತಿಯ ಮೇಲೂ ಇದೇ ಕೆಂಪು ಹೊದಿಕೆ. ಅಲ್ಲಿ ಹಿರಣ್ಯಕೇಶಿ ನದಿ ಗುಹೆಯೊಂದರ ಒಳಗಿಂದ ಹೊರಬೀಳುತ್ತಾಳೆ. ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳ ಹೊಲಗಳಿಗೆ ನೀರುಣಿಸಿ ಘಟಪ್ರಭೆಯನ್ನು, ಅದರೊಂದಿಗೆ ಕೃಷ್ಣೆಯನ್ನು ಸೇರುತ್ತಾಳೆ. ಇಂಥದೇ ಜಂಬಿಟ್ಟಿಗೆಯಲ್ಲಿ ಬಾಕ್ಸೈಟ್ ಇದೆಯೆಂದು ಕೊಲ್ಹಾಪುರ ಜಿಲ್ಲೆಯ ಪಶ್ಚಿಮದ ಕೆಲವು ಗುಡ್ಡಗಳ ನೆತ್ತಿಯನ್ನೇ ಕಡಿದಿದ್ದಾರೆ. ಆ ಬಾವಿಯ ಗೋಡೆಗೆ ಅಂಗೈ ಇಟ್ಟ ಮೇಲೆ ನನಗದು ಸಹಿಸಲಾಗದ ಸಂಗತಿ. ಗುಡ್ಡದ ನೆತ್ತಿಗೆ ಸನಿಕೆ ಹಾಕುವ ಮೊದಲು ಲೆಕ್ಕಕ್ಕೆ ಹಿಡಿಯಬೇಕಾದ್ದು ಕೆಳಗಿನ ಹಳ್ಳಿಗಳ ಒರತೆಗಳನ್ನು.

ಅಜ್ಜ ಕುರಿ ಎಬ್ಬಿಸಿದರು. ನಾನೂ ಇಳಿದೆ. ಮರುದಿನ ಬೆಳಿಗ್ಗೆ ಗಡಹಿಂಗ್ಲಜದಿಂದ ಆಂಬೋಲಿಯ ಬಸ್ಸು ಹತ್ತಿದೆ, ಆ ಗುಹೆಯನ್ನು ನೋಡಲು.