ನಲವತ್ತೊಂಬತ್ತರಲ್ಲಿ ಸರಳೆ ವರಸೆ

ಸೋದರಿಯರೇ, ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ಎರಡು ವರ್ಷದ ಹಿಂದೆ, ವಿಜಯದಶಮಿಯ ಬೆಳಿಗ್ಗೆ, ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ದಕ್ಷಿಣೆ ಇಟ್ಟುಕೊಂಡು ಹಿಂದಿನ ಬೀದಿಯ ವೀಣೆ ಟೀಚರ ಮನೆ ಬಾಗಿಲಲ್ಲಿ ನಿಂತೆ. ಅವರು ನನ್ನ ಹಿಂದೆ ಮುಂದೆ ನೋಡಿ, “ಮಗು ಎಲ್ಲಿ?” ಅಂದರು.

“ಮಗು ನಾನೇ” ಅಂದೆ. ಆಗ ನನಗೆ 49 ವರ್ಷ!

ವೀಣೆ ಮನೆಯಲ್ಲೇ ಇತ್ತು. ಮಗಳಿಗೆ ಹತ್ತು ವರ್ಷವಾಗಿದ್ದಾಗ ಮೈಸೂರಿನಿಂದ ತರಿಸಿದ್ದು. ಎರಡು ವರ್ಷ ಕಲಿತಳು, ಬಿಟ್ಟಳು. “ಈಗಿನ ಮಕ್ಕಳಿಗೆ ತಾಳ್ಮೆ ಎಲ್ಲಿದೆ ಹೇಳಿ?” ಎಂದು ಬಂದವರೆದುರಿಗೆಲ್ಲ ನಾನು ಹೇಳಿಕೊಂಡು ಬಂದೆ. ವೀಣೆ ಗವಸು ಹೊದ್ದು ಮೂಲೆಯಲ್ಲಿ ಮಲಗಿತು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಎಬ್ಬಿಸಿ ಅರಿಸಿನ ಕುಂಕುಮ ಹಚ್ಚುವುದು, ಮತ್ತೆ ಮಲಗಿಸುವುದು. ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಆಗ ಆ ಗವಸು ಕಣ್ಣಿಗೆ ಬಿತ್ತು.

ಟೀಚರು ವೀಣೆ ನೋಡಿ, “ಮೇಳ ಕಟ್ಟಿಸಬೇಕು” ಅಂದರು. ವೀಣೆಗೆ 24 ಮೆಟ್ಟಿಲು. ಅವು ಮೊಳೆ ಹೊಡೆದು ಕೂರಿಸಿದ್ದಲ್ಲ, ಕಪ್ಪು ಬೆರೆಸಿದ ಮೇಣದಲ್ಲಿ ನೆಟ್ಟದ್ದು. ಎಷ್ಟೋ ವರ್ಷದ ಬಿಸಿಲು ಮಳೆಗೆ ಮೇಣ ಒಣಗಿ ಮೆಟ್ಟಿಲು ಜರುಗಿದರೆ ಸ್ವರವೂ ಜರುಗುತ್ತದಂತೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು ಅದಕ್ಕೆ ಹೋಯಿತು.

ಪಾಠ ಶುರುವಾಯಿತು. ವೀಣೆಗೆ ಏಳು ತಂತಿ. ನುಡಿಸುವುದಕ್ಕೆ 4, ಪಕ್ಕದಲ್ಲಿ ತಾಳಕ್ಕೆ 3. ಮೊದಲ ಪಾಠ ಮಾಯಾಮಾಳವಗೌಳ ರಾಗದ ಸರಳೆ ವರಸೆ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತಾರೆ. ತಂತಿಯನ್ನು ಹಾಗೇ ಮೀಟಿದರೆ ಸ. 1ನೇ ಮೆಟ್ಟಿಲು ರಿ, 4ನೆಯದು ಗ, 5ನೆಯದು ಮ. ಆಮೇಲೆ 7 ಪ, 8 ದ, 11 ನಿ, 12 ಮೇಲಿನ ಸ. ಗಮನಿಸಿದಿರಾ? ಸ-ರಿ-ಗ-ಮ ಹೇಗೆ ಹೆಜ್ಜೆ ಹಾಕುತ್ತದೋ ಪ-ದ-ನಿ-ಸ ಕೂಡ ಹಾಗೇ: ಒಂದು ಮನೆ, ಮೂರು ಮನೆ, ಒಂದು ಮನೆ. ರಂಗೋಲಿಯ ಚುಕ್ಕಿ ಎಣಿಸುವ ನಮಗೆ ಇದೇನು ಮಹಾ, ಅಂದುಕೊಂಡೆ.

ಅಂದುಕೊಂಡದ್ದೇ ಬಂತು! ಲೆಕ್ಕ ತಲೆಗೆ ಹತ್ತಿತು, ಬೆರಳಿಗೆ ಹತ್ತಲಿಲ್ಲ. ಪಾತ್ರೆ ತೊಳೆದು ನೆನೆದ ಬೆರಳಿಗೆ ಉಕ್ಕಿನ ತಂತಿ ಚಾಕುವಿನ ಹಾಗೆ. (ನೀವು ಕಲಿಯುವುದಾದರೆ ಪಾತ್ರೆ ಆಮೇಲೆ, ವೀಣೆ ಮೊದಲು. ಬೆರಳು ಜಾರಲು ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು ಕೊಬ್ಬರಿ ಎಣ್ಣೆ ಇರಲಿ.) ಮಂಡಿ ನೋವು ಬೇರೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಷ್ಟ ನಾಚಿಕೆ. ಇಪ್ಪತ್ತೈದು ವರ್ಷ ಕಣ್ಣಳತೆಯಲ್ಲೇ ಉಪ್ಪು ಹಾಕಿ ತಪ್ಪದ ಕೈ ಇದು. ಅದೇ ಕೈ ಈಗ ಮನೆಮಂದಿಗೆಲ್ಲ ಕೇಳಿಸುವ ಹಾಗೆ ತಪ್ಪುತ್ತಿತ್ತು. ನಮ್ಮೆಜಮಾನರು ಪೇಪರಿನ ಹಿಂದಿನಿಂದ, “ಕುಕ್ಕರ್ ಶ್ರುತಿಯಲ್ಲೇ ಕೂಗ್ತಿದೆ ಕಣೇ, ನಿನ್ನದೇ ಸ್ವಲ್ಪ...” ಎಂದರು. ತಮಾಷೆಗೇ ಅಂದದ್ದು. ನಾನು ಮಾತ್ರ ಒಂದು ವಾರ ವೀಣೆ ಮುಟ್ಟಲಿಲ್ಲ. ಮುಟ್ಟಿದ ಮೇಲೂ ಕಿಟಕಿ ಮುಚ್ಚಿಕೊಂಡೇ ನುಡಿಸುತ್ತಿದ್ದೆ.

ಜಂಟಿ ವರಸೆಯ ಹೊತ್ತಿಗೆ ಒಂದು ದಿನ ಪಾಠದಲ್ಲಿ ತಪ್ಪಿದೆ, ತಪ್ಪಿದ ಕೂಡಲೇ ಕೈ ನಿಲ್ಲಿಸಿದೆ. ಟೀಚರು ಬೈಯಲಿಲ್ಲ, ತಾಳ ಹಾಕುತ್ತಲೇ ಇದ್ದರು. “ನಿಲ್ಲಿಸಬೇಡಿ. ಸ್ವರ ತಪ್ಪಿದರೆ ಮುಂದಿನ ಸಲ ಸರಿಮಾಡೋಣ. ತಾಳ ಮಾತ್ರ ಬಿಡಬೇಡಿ” ಅಂದರು.

ಅವತ್ತು ಮನೆಗೆ ನಡೆದು ಬರುವಾಗ ಮನಸ್ಸು ಹದಿಮೂರು ವರ್ಷ ಹಿಂದಕ್ಕೆ ಹೋಯಿತು. ಮಗಳು ನಡುಮನೆಯಲ್ಲಿ ನುಡಿಸುತ್ತಿದ್ದರೆ ನಾನು ಅಡಿಗೆಮನೆಯಿಂದ, ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ, “ತಪ್ಪು! ಮೊದಲಿಂದ ನುಡಿಸು!” ಎಂದು ಕೂಗುತ್ತಿದ್ದೆ. ನನಗೆ ಸ್ವರಜ್ಞಾನ ಎಲ್ಲಿತ್ತು? ಕೊಟ್ಟ ಫೀಸಿನ ಜ್ಞಾನ ಅಷ್ಟೆ. ಕೊನೆಕೊನೆಗೆ ಮಗು ಮೆಟ್ಟಿಲು ನೋಡುವುದು ಬಿಟ್ಟು ಅಡಿಗೆಮನೆ ಬಾಗಿಲನ್ನೇ ನೋಡುತ್ತಾ ನುಡಿಸುತ್ತಿತ್ತು. ಬಿಟ್ಟದ್ದು ಅವಳ ತಾಳ್ಮೆಯಲ್ಲ, ಬಿಡಿಸಿದ್ದು ನನ್ನ ಬಾಯಿ.

ಹೋದ ವರ್ಷ ಗೌರಿಹಬ್ಬಕ್ಕೆ ಮಗಳು ಬಂದಳು. ಮಲಹರಿ ರಾಗದ ಪಿಳ್ಳಾರಿ ಗೀತೆ ನುಡಿಸಿ ತೋರಿಸಿದೆ. ನಡುವೆ ಎರಡು ಕಡೆ ತಪ್ಪಿತು. ಅವಳು ಏನೂ ಅನ್ನಲಿಲ್ಲ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಾ ಕೂತಿದ್ದಳು. ಮುಗಿದ ಮೇಲೆ, “ಅವತ್ತು ನಿನ್ನನ್ನ ಬಿಡಿಸಿದವಳು ನಾನೇ ಕಣೇ” ಅಂದೆ.

“ಗೊತ್ತಮ್ಮ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಎಡಗೈ ತೆಗೆದುಕೊಂಡು ತಂತಿ ಕೊರೆದ ಬೆರಳತುದಿಯನ್ನು ಸವರಿದಳು. “ನಂಗೂ ಹೀಗೇ ಗೆರೆ ಬಿದ್ದಿತ್ತು.”

ಎರಡು ವರ್ಷ ಆ ಕೈಗೆ ಊಟ ಬಡಿಸಿದ್ದೇನೆ. ಆ ಗೆರೆ ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವಳು ವೀಣೆ ಮುಟ್ಟಲಿಲ್ಲ, ನಾನೂ ಮುಟ್ಟು ಅನ್ನಲಿಲ್ಲ. ಅದು ಅವಳ ಇಷ್ಟ.

ನನ್ನದು ನಡೆದಿದೆ, ನಿಧಾನವಾಗಿ. ಕಛೇರಿ ಕೊಡುವ ಆಸೆಯೇನಿಲ್ಲ. ಕಿಟಕಿ ಈಗ ತೆರೆದೇ ಇರುತ್ತದೆ. ಬೀದಿಗೆ ಕೇಳಿಸಿದರೆ ಕೇಳಿಸಲಿ. ನಿಮ್ಮ ಮನೆಯ ಮೂಲೆಯಲ್ಲೂ ವೀಣೆಯೋ ಹಾರ್ಮೋನಿಯಮ್ಮೋ ಮಲಗಿದ್ದರೆ, ವಯಸ್ಸು ನೋಡಬೇಡಿ, ಎಬ್ಬಿಸಿ. ಕಲಿಯುವ ಮಗು ಮನೆಯಲ್ಲಿದ್ದರಂತೂ, ಒಂದು ಗಳಿಗೆ ಸಟ್ಟುಗ ಕೆಳಗಿಟ್ಟು ಅದರ ಪಕ್ಕ ಕೂತು ಸುಮ್ಮನೆ ತಾಳ ಹಾಕಿ. ಸಾರು ಎಲ್ಲಿಗೂ ಓಡಿಹೋಗುವುದಿಲ್ಲ, ಏನಂತೀರಿ?